ಸಾವನದುರ್ಗದ ತಪ್ಪಲಲ್ಲಿ ಮೊದಲ ರಾತ್ರಿ

ಬೆಂಗಳೂರಿನಿಂದ ಮಾಗಡಿಯ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟ ಪ್ರವಾಸಿಗೆ, ತಾವರೆಕೆರೆ ಹಿಂದಾದ ಮೇಲೆ, ಎಡಗಡೆಯ ದಿಗಂತದಲ್ಲಿ ಒಂದು ಕರಿಯ ಬೆನ್ನು ಕಾಣಿಸಿಕೊಳ್ಳುತ್ತದೆ. ಸಮೀಪಿಸಿದಂತೆಲ್ಲ ಅದು ಬೆಳೆಯುತ್ತದೆ. ಬುಡದಲ್ಲಿ ನಿಂತಾಗಲಂತೂ ಕತ್ತನ್ನು ಹಿಂದಕ್ಕೆ ಬಾಗಿಸದೆ ಅದರ ನೆತ್ತಿಯನ್ನು ಕಾಣಲಾಗದು. ಇದೇ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರು ಎತ್ತರ. ಏಷ್ಯಾಖಂಡದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಇದಕ್ಕೆ ಖ್ಯಾತಿ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳು; ಅವುಗಳ ನಡುವೆ ಆಳವಾದ ಕೊರಕಲು; ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ; ಸುತ್ತಲೂ ಕುರುಚಲು ಕಾಡು; ಕೆಲವು ಮೈಲಿಗಳಾಚೆ ಅರ್ಕಾವತಿಯನ್ನು ತಡೆದು ಕಟ್ಟಿದ ಮಂಚನಬೆಲೆಯ ಜಲಾಶಯ. ಈ ಪ್ರಾಂತದ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳ ಎಣಿಕೆ. ಅಂಥ ವೃದ್ಧನ ಪಾದದ ಬಳಿ ಒಂಬತ್ತು ವರ್ಷದ ಮಕ್ಕಳು ಒಂದು ರಾತ್ರಿ ಮಲಗೆದ್ದು ಬರುವುದೆಂದರೆ ಸಾಮಾನ್ಯ ಸಂಗತಿಯೆ?

ನಗರದ ಅನೇಕ ಶಾಲೆಗಳು ನಾಲ್ಕನೆಯ, ಐದನೆಯ ತರಗತಿಯ ಮಕ್ಕಳನ್ನು ಹೀಗೆ ಒಂದಿರುಳಿನ ಸಾಹಸ ಶಿಬಿರಕ್ಕೆ ಕರೆದೊಯ್ಯುವುದು ಈಗ ವಾಡಿಕೆಯಾಗಿದೆ. ವಾಡಿಕೆ ಹೊಸದಾಗಿ ಕಂಡರೂ ಬೇರು ಹಳೆಯದು. ಬೆಂಗಳೂರಿನಲ್ಲಿ ಬಾಲಚಮೂ ದಳವೊಂದು 1909ರಲ್ಲಿಯೇ ಹುಟ್ಟಿತು. ಆಗ ಅದರ ಬಾಗಿಲು ಯೂರೋಪಿಯನ್ ಮತ್ತು ಆಂಗ್ಲೋ–ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಆನಿ ಬೆಸೆಂಟ್ ಮೊದಲಾದವರ ಪ್ರಯತ್ನದಿಂದ ಮುಂದೆ ಭಾರತೀಯ ಬಾಲಕರಿಗೂ ಸ್ಕೌಟ್ ಸಮವಸ್ತ್ರ ದೊರಕಿತು. ಬೇರೆಬೇರೆಯಾಗಿದ್ದ ಸಂಸ್ಥೆಗಳು 1950ರಲ್ಲಿ ಒಂದುಗೂಡಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಆಯಿತು. ಅದರಲ್ಲಿ ಎಳೆಯ ಹುಡುಗರಿಗೆ ಕಬ್ ಎಂದೂ ಹುಡುಗಿಯರಿಗೆ ಬುಲ್‌ಬುಲ್ ಎಂದೂ ಹೆಸರು. ಡೇರೆ, ಹಗ್ಗದ ಗಂಟು, ಶಿಬಿರಾಗ್ನಿ ಇವೆಲ್ಲ ಇಂದಿನ ಶಾಲಾ ಶಿಬಿರಗಳಿಗೆ ಬಂದದ್ದು ಆ ದಾರಿಯಿಂದಲೇ.

ಶಿಬಿರಕ್ಕೆ ಒಪ್ಪುವುದಕ್ಕೆ ಮುಂಚೆ ಬೆಟ್ಟದ ಹೆಸರೇ ಮನೆಯಲ್ಲಿ ಒಂದು ತಕರಾರನ್ನು ಎಬ್ಬಿಸುವುದುಂಟು. “ಸಾವನದುರ್ಗವೆ? ಮಕ್ಕಳನ್ನು ಕಳಿಸಲು ಬೇರೆ ಹೆಸರಿನ ಬೆಟ್ಟ ಸಿಕ್ಕಲಿಲ್ಲವೆ?” ಎಂದು ಅಜ್ಜಿಯರು ಕೇಳಿದರೆ ತಪ್ಪೇನಿಲ್ಲ, ಆಂಗ್ಲ ಲೇಖಕರೂ ಇದನ್ನು ‘ಮೃತ್ಯುದುರ್ಗ’ವೆಂದೇ ಅರ್ಥಮಾಡಿಕೊಂಡರು. ಸಾಮಂತದುರ್ಗವೆಂಬುದು ಸವೆದು ಹೀಗಾಯಿತೆಂಬ ಮಾತೂ ಇದೆ. ಮಾಗಡಿಯ ಗೌಡರ ಕೈಯಲ್ಲಿದ್ದ ಈ ಕೋಟೆ 1728ರಲ್ಲಿ ಮೈಸೂರಿನವರ ವಶವಾಯಿತು. ಯಾರಿಗೂ ಬಗ್ಗದೆಂದು ಹೆಸರಾಗಿದ್ದ ಇದನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್ 21ರಂದು ಹಿಡಿಯಿತು. ಇದನ್ನೆಲ್ಲ ಶಿಬಿರಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಹೇಳಬೇಕು. ಕಥೆ ಗೊತ್ತಿರುವ ಊರಿನ ಕತ್ತಲೆ, ಕಥೆ ಗೊತ್ತಿಲ್ಲದ ಊರಿನ ಕತ್ತಲೆಯಷ್ಟು ದಟ್ಟವಾಗಿರುವುದಿಲ್ಲ.

ಒಪ್ಪಿಗೆಯ ಪತ್ರಕ್ಕೆ ರುಜು ಬಿದ್ದ ಮರುದಿನದಿಂದ ಮನೆಮನೆಯಲ್ಲಿ ಸಾಮಾನಿನ ಸಂಭ್ರಮ. ಶಾಲೆಯ ಪಟ್ಟಿ ಚಿಕ್ಕದು: ಹೊದಿಕೆ, ಜಮಖಾನ, ಸ್ವೆಟರು, ಕುಲಾವಿ, ಬ್ಯಾಟರಿ, ನೀರಿನ ಬಾಟಲಿ, ತಟ್ಟೆ ಲೋಟ, ಎರಡು ಜೊತೆ ಬಟ್ಟೆ. ತಾಯಂದಿರ ಪಟ್ಟಿ ದೊಡ್ಡದು. ಕೋಡುಬಳೆಯ ಡಬ್ಬ, ಚಕ್ಕುಲಿಯ ಡಬ್ಬ, ಅಮೃತಾಂಜನ, ಮೂರನೆಯ ಸ್ವೆಟರು, ‘ಇರಲಿ’ ಎಂದು ಇನ್ನೊಂದು ಹೊದಿಕೆ—ಕಡೆಗೆ ಚೀಲ ಮಗುವನ್ನು ಹೊರುವುದೋ ಮಗು ಚೀಲವನ್ನು ಹೊರುವುದೋ ತಿಳಿಯದಾಗುತ್ತದೆ. ಶಾಲೆಯ ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂದು ಭಾರತ ಸರ್ಕಾರ 2020ರ ತನ್ನ ನೀತಿಯಲ್ಲಿ ಹೇಳಿದೆ. ಶಿಬಿರದ ಚೀಲ ಅದನ್ನು ಕೊಂಚ ಮೀರಿದರೂ, ಅದನ್ನು ತುಂಬಬೇಕಾದವನು ಹೊರುವವನೇ. ತಾಯಿ ಜೋಡಿಸಿದ ಚೀಲದಲ್ಲಿ ಕಾಲುಚೀಲ ಎಲ್ಲಿದೆಯೆಂದು ಹುಡುಗನಿಗೆ ತಿಳಿಯದು. ಕತ್ತಲಲ್ಲಿ ತಡಕಾಡಿ ಎಲ್ಲವನ್ನೂ ಹೊರಗೆ ಚೆಲ್ಲುತ್ತಾನೆ, ಬೆಳಗ್ಗೆ ಅರ್ಧವನ್ನು ಅಲ್ಲೇ ಬಿಟ್ಟು ಬರುತ್ತಾನೆ.

ಆದರೆ ಚೀಲ ಒಂದು ಸಂಜೆಯ ಕೆಲಸ. ನಿಜವಾದ ಸಿದ್ಧತೆ ಬೇರೆ ಇದೆ; ಅದಕ್ಕೆ ಒಂದು ತಿಂಗಳಾದರೂ ಬೇಕು. ನಗರದ ಮಗುವಿಗೆ ರಾತ್ರಿಯೆಂಬುದರ ಪರಿಚಯವೇ ಇಲ್ಲ. ಬೀದಿಯ ದೀಪ, ಮೆಟ್ಟಿಲ ದೀಪ, ಮಲಗುವ ಕೋಣೆಯ ನೀಲಿ ದೀಪ—ಇವುಗಳ ಮಧ್ಯೆ ಹುಟ್ಟಿ ಬೆಳೆದ ಕಣ್ಣು ಕತ್ತಲೆಯನ್ನು ಒಂದು ಕೆಡುಕೆಂದು ಬಗೆಯುವುದು ಸಹಜ. ಇದಕ್ಕೆ ಉಪದೇಶ ಮದ್ದಲ್ಲ, ಅಭ್ಯಾಸ ಮದ್ದು. ತಾರಸಿಯುಳ್ಳವರು ಒಂದು ರಾತ್ರಿ ಸೊಳ್ಳೆಪರದೆ ಕಟ್ಟಿ ಮಗುವಿನೊಡನೆ ಅಲ್ಲಿ ಮಲಗಬಹುದು. ಬಹುಮಹಡಿಯ ಮನೆಗಳಲ್ಲಿರುವವರಿಗೆ ನಡುಮನೆಯ ನೆಲವೇ ಸಾಕು. ಎಲ್ಲ ದೀಪಗಳನ್ನೂ ಆರಿಸಿ ಜಮಖಾನದ ಮೇಲೆ ಮಲಗಿದರೆ ಅರ್ಧ ಶಿಬಿರವಾದಂತೆ. ಮಾನವನ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊದಲು ಏನೂ ಕಾಣದ ಕೋಣೆಯಲ್ಲಿ ಕ್ರಮೇಣ ಕಿಟಕಿಯ ಚೌಕ, ಕುರ್ಚಿಯ ಬೆನ್ನು, ಗೂಟದಲ್ಲಿ ತೂಗುವ ಅಂಗಿ ಒಂದೊಂದಾಗಿ ಮೂಡುವುದನ್ನು ಒಮ್ಮೆ ಕಂಡ ಮಗು ಬ್ಯಾಟರಿಗಾಗಿ ಅಷ್ಟು ಆತುರಪಡುವುದಿಲ್ಲ.

ಎರಡನೆಯ ಹೆಜ್ಜೆ, ತಾಯಿತಂದೆಗಳಿಲ್ಲದ ರಾತ್ರಿ. ಸೋದರತ್ತೆಯ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಒಂದಿರುಳು ಮಲಗಿ ಬಂದ ಮಗುವಿಗೆ ಡೇರೆ ಅಷ್ಟು ಅಪರಿಚಿತವಲ್ಲ. ಹಿಂದೆ ಬೇಸಗೆಯ ರಜೆಯೆಲ್ಲ ಅಜ್ಜನ ಊರಿನಲ್ಲೇ ಕಳೆಯುತ್ತಿದ್ದ ಮಕ್ಕಳಿಗೆ ಈ ಪಾಠ ತಾನಾಗಿಯೇ ಬರುತ್ತಿತ್ತು. ಇದರ ಜೊತೆಗೆ ಕೆಲವು ಸಣ್ಣ ವಿದ್ಯೆಗಳು: ಬೂಟಿನ ದಾರ ಕಟ್ಟುವುದು, ಹಾಸಿಗೆ ಸುತ್ತುವುದು, ತನ್ನ ತಟ್ಟೆ ತಾನು ತೊಳೆಯುವುದು, ಕುಕ್ಕರುಗಾಲಿನ ಪಾಯಖಾನೆಯನ್ನು ಚೊಂಬಿನ ನೀರಿನಿಂದ ಉಪಯೋಗಿಸುವುದು. ಕಡೆಯದನ್ನು ಹೇಳಲು ಹಿರಿಯರು ಸಂಕೋಚಪಡುತ್ತಾರೆ. ಶಿಬಿರದಲ್ಲಿ ಹೊಟ್ಟೆನೋವೆಂದು ಅಳುವ ಮಕ್ಕಳಲ್ಲಿ ಹಲವರ ವ್ಯಾಧಿ ಅದೇ.

ಇನ್ನೂ ದೊಡ್ಡ ಸಂಕೋಚವೊಂದುಂಟು. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ನಿದ್ದೆಯಲ್ಲಿ ಹಾಸಿಗೆ ಒದ್ದೆಮಾಡಿಕೊಳ್ಳುವರು. ವಯಸ್ಸಾದಂತೆ ಸಂಖ್ಯೆ ಇಳಿಯುತ್ತದಾದರೂ ಒಂಬತ್ತು ಹತ್ತರ ವಯಸ್ಸಿನ ತರಗತಿಯಲ್ಲೂ ಅಂಥ ಒಬ್ಬಿಬ್ಬರು ಇರುವುದು ಅಪರೂಪವಲ್ಲ. ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಬಹುಪಾಲು ತಾನಾಗಿಯೇ ನಿಲ್ಲುವ ದೇಹಧರ್ಮ. ಆದರೆ ಮಗುವಿಗೆ ಅದು ಲೋಕಕ್ಕೆ ತಿಳಿಯಬಾರದ ಗುಟ್ಟು. ಶಿಬಿರವೆಂದರೆ ಕುಣಿಯುತ್ತಿದ್ದ ಹುಡುಗ ಹೊರಡುವ ವಾರದಲ್ಲಿ “ನನಗೆ ಇಷ್ಟವಿಲ್ಲ” ಎಂದು ಮೂಲೆ ಹಿಡಿದರೆ ಹಿರಿಯರು ಅವನನ್ನು ಪುಕ್ಕಲನೆಂದು ಹೀಯಾಳಿಸುವುದಕ್ಕೆ ಮುಂಚೆ ಇದನ್ನು ನೆನೆಯಬೇಕು. ಉಪಾಯ ಸುಲಭ. ತಾಯಿ ಉಪಾಧ್ಯಾಯಿನಿಗೆ ಮೊದಲೇ ಒಂದು ಮಾತು ತಿಳಿಸುವುದು. ಸಂಜೆಯ ಮೇಲೆ ನೀರು ಮಿತವಾಗಿ ಕುಡಿಯುವುದು. ಹತ್ತು ಗಂಟೆಗೆ ಉಪಾಧ್ಯಾಯಿನಿ ಬೇರೆ ಏನೋ ನೆಪದಿಂದ ಮಗುವನ್ನು ಎಬ್ಬಿಸಿ ಹೊರಗೆ ಕರೆದೊಯ್ಯುವುದು. ಚೀಲದ ತಳದಲ್ಲಿ ಯಾರ ಕಣ್ಣಿಗೂ ಬೀಳದಂತೆ ಇನ್ನೊಂದು ಚಡ್ಡಿ, ಒಂದು ಪ್ಲಾಸ್ಟಿಕ್ ಚೀಲ. ಈ ನಾಲ್ಕು ಏರ್ಪಾಡುಗಳ ಕೊರತೆಯಿಂದ ತಪ್ಪಿಹೋದ ಶಿಬಿರಗಳೆಷ್ಟೋ! ತಪ್ಪಿಸಿಕೊಂಡವನು ಸೋಮವಾರ ತರಗತಿಯಲ್ಲಿ ಮಿಕ್ಕವರ ಕಥೆಗಳನ್ನು ತಲೆ ತಗ್ಗಿಸಿ ಕೇಳುತ್ತಾನೆ.

ಇತ್ತ ಸಿದ್ಧತೆ ಅಗತ್ಯವಾಗಿರುವುದು ಮಕ್ಕಳಿಗಿಂತ ಹೆಚ್ಚಾಗಿ ತಾಯಿತಂದೆಗಳಿಗೆ. “ಅಲ್ಲಿ ಬೇಡವೆನಿಸಿದರೆ ಟೀಚರ್ ಕೈಲಿ ಒಂದು ಫೋನ್ ಮಾಡಿಸು ಕಂದ, ಅಪ್ಪ ಬಂದು ಕರೆದುಕೊಂಡು ಬರುತ್ತಾರೆ” ಎಂಬ ಭರವಸೆ ಪ್ರೀತಿಯಿಂದ ಹೊರಟದ್ದೇ. ಆದರೆ ಅದರ ಒಳಗಿನ ಅರ್ಥವನ್ನು ಮಗು ಕೂಡಲೇ ಗ್ರಹಿಸುತ್ತದೆ: ಅಲ್ಲಿ ಬೇಡವೆನಿಸುವಂಥದ್ದೇನೋ ಇದೆ, ನನ್ನಿಂದ ಇದು ಆಗುವುದಿಲ್ಲವೆಂದು ಅಮ್ಮನೂ ಎಣಿಸಿದ್ದಾಳೆ. ಮನೆಯ ಹಂಬಲವನ್ನು ಕುರಿತು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯೂ ಇಂಥ ಒಪ್ಪಂದವನ್ನು ಮಾಡಿಕೊಳ್ಳಬಾರದೆಂದೇ ಹೇಳುತ್ತದೆ. ಮನೆಯನ್ನು ಬಿಟ್ಟ ಮಕ್ಕಳೆಲ್ಲರಿಗೂ ಬಹುಮಟ್ಟಿಗೆ ಆ ಹಂಬಲ ಬಂದೇ ಬರುವುದಂತೆ. ಅದು ಬರುತ್ತದೆಂದು ಮುಂಚೆಯೇ ತಿಳಿದಿದ್ದರೆ ಬಂದಾಗ ಗಾಬರಿಯಿಲ್ಲ. “ರಾತ್ರಿ ಅಮ್ಮನ ನೆನಪಾಗಬಹುದು, ಆಗ ಪಕ್ಕದ ಗೆಳತಿಗೆ ಹೇಳು, ಅವಳಿಗೂ ಆಗಿರುತ್ತದೆ” ಎಂದರೆ ಸಾಕು.

ಇನ್ನು ಸ್ಥಳದ ಅಪಾಯಗಳು. ಅವು ಕಲ್ಪಿತವಲ್ಲ. ಬೆಟ್ಟವು ಮೀಸಲು ಅರಣ್ಯದೊಳಗಿದೆ. ಕತ್ತಲಾದ ಮೇಲೆ ಅಲ್ಲಿ ತಂಗಲು ಅವಕಾಶವಿಲ್ಲ. ಡೇರೆ ಹೂಡುವುದು ತಪ್ಪಲಿನ ಖಾಸಗಿ ತೋಟಗಳಲ್ಲಿ. ಅಷ್ಟಾದರೂ ಚಿರತೆ, ಕರಡಿಗಳಿರುವ ಸೀಮೆ. ಬೇಲಿಯೂ ಕಾವಲೂ ಇಲ್ಲದ ಬಯಲಿನಲ್ಲಿ ಮಕ್ಕಳನ್ನು ಮಲಗಿಸತಕ್ಕದ್ದಲ್ಲ. ಚಿರತೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಹಾವಿನ ವಿಷಯದಲ್ಲಿ. ಕಟ್ಟುಹಾವು ರಾತ್ರಿ ಸಂಚರಿಸುವ ಪ್ರಾಣಿ. ನೆಲದಲ್ಲಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ನೋವಾಗದೆಯೂ ಹೋಗಬಹುದು. ಆದ್ದರಿಂದ ತಳಹಾಸು ಸೇರಿಸಿ ಹೊಲಿದ, ಬಾಯಿ ಪೂರ್ತಿ ಮುಚ್ಚುವ ಡೇರೆಯೇ ಬೇಕು. ಡೇರೆಯೊಳಗೆ ತಿಂಡಿ ಇಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕೋಡುಬಳೆಯ ಡಬ್ಬಕ್ಕೆ ಇದಕ್ಕಿಂತ ಬಲವಾದ ಆಕ್ಷೇಪಣೆ ಬೇಕಿಲ್ಲ. ಬೂಟನ್ನು ಬೆಳಗ್ಗೆ ಕೊಡವದೆ ಕಾಲು ತೂರಿಸಬಾರದು. ಚೇಳಿಗೆ ಅದು ಮೆಚ್ಚಿನ ಬಿಡಾರ. ಅಕಸ್ಮಾತ್ ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಹರ ಚುಚ್ಚುಮದ್ದಿದೆ, ರಾತ್ರಿ ಅಲ್ಲಿಗೆ ಹೋಗಲು ವಾಹನ ನಿಂತಿದೆಯೆ ಎಂದು ರುಜು ಹಾಕುವ ಮುನ್ನ ಕೇಳುವ ಹಕ್ಕು ಪ್ರತಿಯೊಬ್ಬ ತಂದೆಗೂ ಉಂಟು. ಊಟಕ್ಕೆ ಪೂರಿಯೋ ಚಪಾತಿಯೋ ಎಂದು ಕೇಳುವವರು ಹಲವರು, ಇದನ್ನು ಕೇಳುವವರು ಕಡಮೆ.

ಬಂಡೆಯ ಗೋಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆ, ಸುಗಂಧದ್ರವ್ಯ, ಕಲ್ಲೆಸೆತ ಮೂರೂ ಅದಕ್ಕೆ ಆಗದು. ಮಂಚನಬೆಲೆಯ ನೀರು ನೋಡಲು ಶಾಂತ. ಈಜಲೆಂದು ಇಳಿದ ಎಷ್ಟೋ ಮಂದಿ ಯುವಕರು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಪುಟ್ಟ ಮಕ್ಕಳಿಗೆ ಅದನ್ನು ದೂರದಿಂದ ತೋರಿಸಿದರೆ ಸಾಕು.

ಡಿಸೆಂಬರಿನ ಒಂದು ಸಂಜೆ. ಒಣ ಹವೆ, ನಿರ್ಮಲ ಆಕಾಶ. ಬಂಡೆ ಹಗಲೆಲ್ಲ ಹೀರಿದ ಬಿಸಿಲನ್ನು ಇನ್ನೂ ಉಸಿರುತ್ತಿರುವಾಗಲೇ ಬಯಲಿನಲ್ಲಿ ಚಳಿ ಏಳುತ್ತದೆ. ಬಿಸಿ ಬಿಸಿ ಬಿಸಿಬೇಳೆಭಾತು ಮುಗಿದು, ಶಿಬಿರಾಗ್ನಿಯ ಹಾಡು ಮುಗಿದು, ಬೆಂಕಿಯ ಮೇಲೆ ನೀರು ಸುರಿದ ಮೇಲೆ ಎಲ್ಲ ಬ್ಯಾಟರಿಗಳನ್ನೂ ಆರಿಸುವಂತೆ ಅಪ್ಪಣೆಯಾಗುತ್ತದೆ. ಒಂದು ಗಳಿಗೆ ಕಿಸಿಕಿಸಿ ನಗು, ಅನಂತರ ಮೌನ. ಜೀರುಂಡೆಗಳ ಸದ್ದು ಅದುವರೆಗೂ ಇತ್ತೆಂಬುದು ಆಗ ತಿಳಿಯುತ್ತದೆ. ಎಲ್ಲಿಯೋ ಗೂಬೆ ಕೂಗುತ್ತದೆ. ಪೂರ್ವಕ್ಕೆ ಬೆಂಗಳೂರಿನ ದೀಪಗಳ ಮಾಸಲು ಹೊಳಪು. ತಾವು ಅಂಥ ಬೆಳಕಿನೊಳಗೆ ವಾಸಿಸುವವರೆಂದು ಮಕ್ಕಳು ಮೊದಲ ಸಲ ಹೊರಗಿನಿಂದ ನೋಡುತ್ತಾರೆ. ಅದರ ಮೇಲುಗಡೆ ಮೂರು ನಕ್ಷತ್ರಗಳ ನಡುಪಟ್ಟಿ ಕಟ್ಟಿದ ಮಹಾವ್ಯಾಧ, ನೆತ್ತಿಯತ್ತ ಕೃತ್ತಿಕೆಯ ಗೊಂಚಲು, ಒಂದು ಪಕ್ಕದಲ್ಲಿ ನಕ್ಷತ್ರಗಳೇ ಇಲ್ಲದ ಒಂದು ದೊಡ್ಡ ಕಪ್ಪು. ಅದೇ ಬೆಟ್ಟ. ಹಗಲು ಕಂಡದ್ದಕ್ಕಿಂತ ಅದು ಈಗ ಹತ್ತಿರ ಬಂದು ಕುಳಿತಂತಿದೆ. ಈ ಹೊತ್ತಿನಲ್ಲೇ ಒಬ್ಬರ ಕೈ ಪಕ್ಕದವರ ಕೈಯನ್ನು ಹುಡುಕುವುದು. ತರಗತಿಯಲ್ಲಿ ಬೆಂಚಿನ ಗಡಿಗಾಗಿ ಜಗಳವಾಡಿದವರೂ ಇದಕ್ಕೆ ಹೊರತಲ್ಲ.

ರಾತ್ರಿಯಲ್ಲಿ ಒಂದಿಬ್ಬರು ಅಳುವುದುಂಟು. ಅನುಭವಿಗಳಾದ ಉಪಾಧ್ಯಾಯರು ಆಗ ಮನೆಗೆ ಫೋನು ಮಾಡುವುದಿಲ್ಲ. ಅತ್ತ ಮಗುವಿಗೆ ಬಿಸಿನೀರು ಕೊಟ್ಟು, ನಾಳೆ ಬೆಳಗಿನ ಉಪ್ಪಿಟ್ಟಿಗೆ ಈರುಳ್ಳಿ ಬೇಕೇ ಬೇಡವೇ ಎಂದು ಗಂಭೀರವಾಗಿ ಸಮಾಲೋಚಿಸುತ್ತಾರೆ. ಮಗು ಉತ್ತರ ಹೇಳುತ್ತ ನಿದ್ದೆಹೋಗುತ್ತದೆ. ನಗರದಲ್ಲಿ ಆ ಹೊತ್ತಿಗೆ ಎಚ್ಚರವಾಗಿದ್ದು ಫೋನನ್ನೇ ನೋಡುತ್ತಿರುವವರು ಬೇರೆ.

ಬೆಳಗ್ಗೆ ಅರಣ್ಯ ಇಲಾಖೆಯ ಚೀಟಿ ಪಡೆದು ಏರಾಟ. ಶಿಖರದವರೆಗೆ ಅಲ್ಲ. ನುಣುಪಾದ ಕಡಿದಾದ ಬಂಡೆಯಲ್ಲಿ ಜಾರಿ ಬಿದ್ದವರು, ದಾರಿ ತಪ್ಪಿದವರು ದೊಡ್ಡವರಲ್ಲೇ ಇದ್ದಾರೆ. ಪ್ರಾಥಮಿಕ ಶಾಲೆಯ ಕಾಲುಗಳಿಗೆ ಮೊದಲ ಕೋಟೆಗೋಡೆಯೇ ಕೈಲಾಸ. ಅಲ್ಲಿಂದ ಕೆಳಗೆ ನೋಡಿದರೆ ತಾವು ಮಲಗಿದ್ದ ಡೇರೆಗಳು ಬೆಂಕಿಪೆಟ್ಟಿಗೆಗಳಂತೆ. ಇಳಿಯುವಾಗ ಅರ್ಧ ಮಂದಿ ಕುಳಿತೇ ಇಳಿಯುತ್ತಾರೆ; ಚಡ್ಡಿಯ ಹಿಂಭಾಗ ಮನೆಗೆ ಮರಳಿದ ಮೇಲೆ ಆ ಕಥೆಯನ್ನು ಹೇಳುತ್ತದೆ.

ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಬಸ್ಸು ನಿಂತಾಗ ತಾಯಂದಿರು ನೂರು ಪ್ರಶ್ನೆ ಕೇಳುತ್ತಾರೆ. ಮಗು “ಚೆನ್ನಾಗಿತ್ತು” ಎಂಬ ಒಂದೇ ಮಾತಿನಲ್ಲಿ ಉತ್ತರಿಸಿ ಮನೆಗೆ ಬಂದು ಮಲಗಿಬಿಡುತ್ತದೆ. ಚೀಲವನ್ನು ಆಗಲೇ ಬಿಚ್ಚಲು ಹೋಗಬಾರದು. ಸಂಜೆ ಎದ್ದ ಮೇಲೆ ಅದನ್ನು ಮಗುವೇ ಬಿಚ್ಚಲಿ. ಒಂದೊಂದು ಸಾಮಾನು ಹೊರಬಂದಂತೆ ಒಂದೊಂದು ಮಾತು ಹೊರಬರುತ್ತದೆ: ಹೊಗೆ ಹತ್ತಿದ ಸ್ವೆಟರು, ನುಣುಪಾದೊಂದು ಕಲ್ಲು, ಎರಡು ಹನಿ ನೀರು ಉಳಿದ ಬಾಟಲಿ, ಯಾರದೋ ಒಂದು ಕಾಲುಚೀಲ.