ತಮ್ಮನ ಕಾರಿನ ಕಡತ

ಕೃತ್ತಿಕಾ ನಕ್ಷತ್ರವನ್ನು ಆರು ಚುಕ್ಕಿಗಳ ಗೊಂಚಲೆಂದು ನಮ್ಮ ಹಿರಿಯರು ಅಂಗಳದಲ್ಲಿ ನಿಂತು ತೋರಿಸಿಕೊಡುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅದೇ ಗೊಂಚಲಿಗೆ ಜಪಾನೀಯರ ಹೆಸರು ಸುಬಾರು. 1953ರಲ್ಲಿ ಐದು ಸಂಸ್ಥೆಗಳು ಒಂದುಗೂಡಿ ರೂಪುಗೊಂಡ ಫ್ಯೂಜಿ ಹೆವಿ ಇಂಡಸ್ಟ್ರೀಸ್ ತನ್ನ ಕಾರುಗಳಿಗೆ ಈ ಹೆಸರನ್ನಿಟ್ಟಿತು. 2017ರಿಂದ ಸಂಸ್ಥೆಯ ಹೆಸರೂ ಅದೇ ಆಗಿದೆ. ಅದರ ಲಾಂಛನದಲ್ಲಿ ಒಂದು ದೊಡ್ಡ ಚುಕ್ಕಿಯೂ ಐದು ಸಣ್ಣ ಚುಕ್ಕಿಗಳೂ ಇರುವುದು ಆ ಕೂಡಿಕೆಯ ಗುರುತು. ನಕ್ಷತ್ರದ ಹೆಸರು ಹೊತ್ತ ಇಂಥ ಒಂದು ಹಳೆಯ ಕಾರು ನಮಗೆ ಕಲಿಸಿದ ಪಾಠವನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ತಮ್ಮ 1998ರಲ್ಲಿ ಅಮೆರಿಕಕ್ಕೆ ಹೋಗಿ ವರ್ಮಾಂಟ್ ರಾಜ್ಯದಲ್ಲಿ ನೆಲೆನಿಂತವನು. 2021ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡನು. ಮಹಾಮಾರಿಯ ನಿರ್ಬಂಧಗಳ ಆ ಕಾಲದಲ್ಲಿ ನಾವು ಅವನ ಮುಖವನ್ನೂ ನೋಡಲಾಗಲಿಲ್ಲ. 2023ರ ಜೂನ್ ತಿಂಗಳಲ್ಲಿ ಆ ಮನೆಯ ಹೊಸ್ತಿಲನ್ನು ತುಳಿದಾಗ ಅಲ್ಲಿದ್ದವರು ತಮ್ಮನ ಮಡದಿ, ಇಪ್ಪತ್ತೆರಡು ವರ್ಷದ ಮಗಳು, ಮತ್ತು ಷೆಡ್ಡಿನಲ್ಲಿ ಒಂದು 2003ರ ಸುಬಾರು ಔಟ್‌ಬ್ಯಾಕ್.

ವರ್ಮಾಂಟ್ ಗುಡ್ಡಗಾಡಿನ ಸೀಮೆ, ಚಳಿಗಾಲವೆಲ್ಲ ಹಿಮ. ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಹರಿಯುವ ಈ ಕಾರು ಅಲ್ಲಿ ಮನೆಮಾತು. ಇಪ್ಪತ್ತು ವರ್ಷ ಹಳೆಯದನ್ನೂ ಜನರು ತಮ್ಮ ಅಂಗಳದಲ್ಲಿಯೇ ಬಿಚ್ಚಿ, ಜೋಡಿಸಿ, ಓಡಿಸಿಕೊಂಡು ಹೋಗುತ್ತಾರೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಳದ ಕಬ್ಬಿಣವನ್ನು ತಿನ್ನುತ್ತದೆ. ಅಲ್ಲಿ ಕಾರುಗಳಿಗೆ ಆಗ ವರ್ಷಕ್ಕೊಮ್ಮೆ ಸರಕಾರಿ ತಪಾಸಣೆ ಕಡ್ಡಾಯವಾಗಿತ್ತು. ತೇರ್ಗಡೆಯಾಗದ ಕಾರು ರಸ್ತೆಗಿಳಿಯುವಂತಿರಲಿಲ್ಲ.

ಈ ಕಾರಿನ ತಪಾಸಣೆ ಜುಲೈನಲ್ಲಿತ್ತು. ಅದು ಓಡಿದ ದೂರ 2,11,000 ಮೈಲಿ, ಎಂದರೆ ಸುಮಾರು 3,40,000 ಕಿಲೋಮೀಟರು. ಎಂಜಿನಿನ ಕೆಳಗೆ ತಂಪುದ್ರವದ ಹನಿಗಳು, ಹಿಂಭಾಗದ ಬ್ರೇಕ್ ಕೊಳವೆಯಲ್ಲಿ ತುಕ್ಕು. ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೇ ಮೀರುವುದರಿಂದ ಗುಜರಿಗೆ ಕೊಡುವುದೇ ಲೇಸೆಂದು ಒಂದು ಗ್ಯಾರೇಜಿನವರು ಹೇಳಿದ್ದರು. ತಮ್ಮನ ಮಡದಿ ಇಪ್ಪತ್ತು ಮೈಲಿ ದೂರದ ವೃದ್ಧಾಶ್ರಮದಲ್ಲಿ ರಾತ್ರಿಪಾಳಿಯ ಕೆಲಸಕ್ಕೆ ಹೋಗುವವಳು. ಆ ವೇಳೆಗೆ ಬಸ್ಸಿಲ್ಲ. ಕಾರು ನಿಂತರೆ ಸಂಬಳ ನಿಲ್ಲುತ್ತದೆ. ಹೊಸ ಕಾರು ಕೊಂಡರೆ ಸಾಲದ ಕಂತು ಮಗಳ ಓದನ್ನು ನುಂಗುತ್ತದೆ.

ನಮ್ಮ ಅಭಿಪ್ರಾಯ ಕೇಳಿದಾಗ, ಹಳೆಯದರ ಮೇಲಿನ ಮೋಹ ಬಿಡುವುದು ಒಳ್ಳೆಯದೆಂದು ನಾವು ಗಂಭೀರವಾಗಿಯೇ ನುಡಿದೆವು. ಮಗಳು ಮರುಮಾತನಾಡದೆ ಕಾರಿನ ಪೆಟ್ಟಿಗೆಯಿಂದ ಎಣ್ಣೆಜಿಡ್ಡಿನ ಒಂದು ಕಡತವನ್ನು ತಂದು ನಮ್ಮ ಮುಂದಿಟ್ಟಳು. “ದೊಡ್ಡಪ್ಪ, ಮೊದಲು ಇದನ್ನು ಓದಿ ಹೇಳಿ. ಅಪ್ಪ ಕನ್ನಡದಲ್ಲಿ ಬರೆದಿದ್ದಾರೆ. ನನಗೆ ಮಾತು ಬರುತ್ತದೆ, ಅಕ್ಷರ ಬಾರದು” ಎಂದಳು.

ಮಠದ ಪಾಠಶಾಲೆಯಲ್ಲಿ ಬೆಳೆದ ನಾವು ಹುಳು ತಿಂದ ತಾಳೆಗರಿಗಳನ್ನು ಭೂತಗನ್ನಡಿ ಹಿಡಿದು ಓದಿದವರು. ಆದರೆ ಆ ಕಡತದ ಮುಂದೆ ನಮ್ಮ ಕಣ್ಣು ಮಂಜಾಯಿತು. ಊರಿನ ಶಾಲೆಯಲ್ಲಿ ತಿದ್ದಿದ ಅದೇ ದುಂಡಕ್ಷರ. ಪ್ರತಿಯೊಂದು ಸಾಲಿನಲ್ಲಿ ತಾರೀಖು, ಮೈಲಿ, ಮಾಡಿದ ಕೆಲಸ, ಅದರ ಕಾರಣ. ಎಣ್ಣೆ ಬದಲಿಸಿದ್ದು. ಬಲ ಮುಂಚಕ್ರದ ಆಕ್ಸಲಿನ ಒಳರಬ್ಬರು ಹರಿದದ್ದು, ಹೊಗೆಕೊಳವೆಯ ಬಿಸಿ ಅದರ ಪಕ್ಕದಲ್ಲಿಯೇ ಇರುವುದರಿಂದ ಎಂಬ ಟಿಪ್ಪಣಿ. ಒಂದು ಟಯರು ಕೆಟ್ಟುದಕ್ಕೆ ನಾಲ್ಕನ್ನೂ ಬದಲಿಸಿದ್ದು: ನಾಲ್ಕು ಚಕ್ರಗಳೂ ಒಂದಕ್ಕೊಂದು ಕಟ್ಟುಬಿದ್ದಿರುವುದರಿಂದ ಒಂದರ ಸುತ್ತಳತೆ ಹೆಚ್ಚಾದರೂ ನಡುವಿನ ಜೋಡಣೆ ಬಿಡುವಿಲ್ಲದೆ ತಿಕ್ಕಾಡಿ ಬಿಸಿಯಾಗಿ ಹಾಳಾಗುತ್ತದೆಂದು ಬರೆದಿದ್ದನು. ಕೊನೆಯ ಪುಟಗಳಲ್ಲಿ ಹೆಡ್ ಗ್ಯಾಸ್ಕೆಟಿನ ಅಂಚಿನ ಹನಿಯ ಲೆಕ್ಕ: ಯಾವ ತಿಂಗಳು ಎಷ್ಟು ದ್ರವ ಸುರಿದನೆಂಬುದು. ಹನಿ ಹೊರಗೇ ಬೀಳುತ್ತಿತ್ತು, ಎರಡು ವರ್ಷದಲ್ಲಿ ಹೆಚ್ಚಿರಲಿಲ್ಲ. ವಯಸ್ಸಾದ ಎಂಜಿನಿನ ಈ ದೋಷವನ್ನು ಕಾಯುತ್ತ, ತುಂಬಿಸುತ್ತ ಬಾಳಿಸಬಹುದೆಂದು ಆ ಲೆಕ್ಕವೇ ಹೇಳುತ್ತಿತ್ತು.

ಓದುತ್ತ ಹೋದಂತೆ ಒಂದು ಸಾಲಿನಲ್ಲಿ ಮಗಳು ನಮ್ಮ ಕೈ ಹಿಡಿದು ನಿಲ್ಲಿಸಿದಳು. 2012ರ ಆಗಸ್ಟಿನಲ್ಲಿ, 1,04,000 ಮೈಲಿಗೆ, ಟೈಮಿಂಗ್ ಬೆಲ್ಟ್ ಹೊಸದು. ಅದರ ಮುಂದೆ ಕೆಂಪು ಶಾಯಿಯಲ್ಲಿ: ಮುಂದಿನದು 2,09,000ಕ್ಕೆ, ಇಲ್ಲವೆ 2021ರ ಮೇ.

ಆ ಬೆಲ್ಟು ಎಂಜಿನಿನ ಒಳಗಿನ ತಾಳವನ್ನು ಕಾಯುವ ಹಲ್ಲಿನ ಪಟ್ಟಿ. ಈ ಕಾರಿಗೆ ಅದನ್ನು 1,05,000 ಮೈಲಿಗೊಮ್ಮೆ, ಅಥವಾ 105 ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕು. ಓಡುವಾಗ ಅದು ತುಂಡಾದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನು ಕ್ಷಣದಲ್ಲಿ ನಾಶವಾಗುತ್ತದೆ. ತಮ್ಮ ಗೊತ್ತುಮಾಡಿದ್ದ ತಿಂಗಳಿಗೆ ಮೂರು ತಿಂಗಳ ಮೊದಲೇ ಅವನು ಹೋಗಿದ್ದನು. ಎರಡು ವರ್ಷ ಆ ತಾಯಿ ಪ್ರತಿರಾತ್ರಿ ಅವಧಿ ಮೀರಿದ ಆ ಪಟ್ಟಿಯ ಮೇಲೆಯೇ ಹಿಮದಲ್ಲಿ ಹೋಗಿ ಬಂದಿದ್ದಳು. ಎಚ್ಚರಿಕೆ ಮನೆಯಲ್ಲಿಯೇ ಇತ್ತು, ಓದುವವರು ಇರಲಿಲ್ಲ.

ಗುಜರಿಯ ಮಾತು ಅಲ್ಲಿಗೆ ನಿಂತಿತು. ಕಾರಿನ ಕೆಲಸದ ತರಗತಿಗೆ ಹೋಗಿದ್ದ ಮಗಳು, ನೆರೆಮನೆಯ ನಿವೃತ್ತ ಮೆಕ್ಯಾನಿಕರೊಬ್ಬರ ನೆರವಿನಿಂದ ತಾನೇ ಕೈಹಚ್ಚಿದಳು. ಜಾಕಿನ ಮೇಲೊಂದರ ಮೇಲೆಯೇ ನಿಂತ ಕಾರಿನ ಕೆಳಗೆ ತಲೆಯಿಡಬಾರದೆಂದು ಕಬ್ಬಿಣದ ಊರೆಗಾಲುಗಳನ್ನಿಟ್ಟಳು. ತಂಪುದ್ರವ ರುಚಿಗೆ ಸಿಹಿ, ಒಡಲಿಗೆ ವಿಷ. ನಾಯಿ ನೆಕ್ಕೀತೆಂದು ಬಸಿದ ಕೂಡಲೆ ಮುಚ್ಚಿಟ್ಟಳು. ಈ ಎಂಜಿನಿನಲ್ಲಿ ಸಿಲಿಂಡರುಗಳು ನೆಟ್ಟಗೆ ನಿಲ್ಲದೆ ಎರಡು ಈ ಬದಿಗೆ, ಎರಡು ಆ ಬದಿಗೆ ಎದುರುಬದುರಾಗಿ ಮಲಗಿರುತ್ತವೆ. ಒಂದೇ ಪಟ್ಟಿ ಎರಡೂ ಬದಿಯನ್ನು ಸುತ್ತಿ ಬರಬೇಕು. ಗುರುತುಗಳನ್ನು ಹೊಂದಿಸಿ, ಹಲ್ಲುಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ ಕೂಡಿಸಿದಳು. ಅದೇ ಪಟ್ಟಿ ತಿರುಗಿಸುವ ನೀರಿನ ಪಂಪನ್ನೂ ಗಾಲಿಗಳನ್ನೂ ಜೊತೆಗೇ ಬದಲಿಸಿದಳು. ಕೀಲಿ ತಿರುಗಿಸುವ ಮೊದಲು ಎಂಜಿನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡಳು. ನಾವು ದೀಪ ಹಿಡಿದು ನಿಂತಿದ್ದೆವು. ಕಾಯಕದ ವಿಷಯವಾಗಿ ನಲವತ್ತು ವರ್ಷ ಉಪನ್ಯಾಸ ಮಾಡಿದ ಈ ಕೈಗಳಿಗೆ ಒಂದು ಬೋಲ್ಟನ್ನು ಸಡಿಲಿಸಲು ಬರುತ್ತಿರಲಿಲ್ಲ.

ಕೊನೆಗೆ ನಮಗೂ ಒಂದು ಕೆಲಸ ದೊರೆಯಿತು. ಮಲಗಿದ ಎಂಜಿನಿನಲ್ಲಿ ಗಾಳಿಯ ಗುಳ್ಳೆ ಸುಲಭವಾಗಿ ಸಿಕ್ಕಿಕೊಳ್ಳುವುದರಿಂದ ಹೊಸ ದ್ರವವನ್ನು ನಿಧಾನವಾಗಿ ಸುರಿದು, ಎಂಜಿನು ಓಡಿಸುತ್ತ ಗಾಳಿಯನ್ನು ಹೊರಹಾಕಬೇಕು. ಉಷ್ಣದ ಸೂಜಿ ನಡುವನ್ನು ದಾಟಿದರೆ ಕೂಗಬೇಕೆಂದು ಹೇಳಿ ಮಗಳು ನಮ್ಮನ್ನು ಒಳಗೆ ಕೂರಿಸಿದಳು. ಕಡತ ಕೈಯಲ್ಲಿತ್ತು. ತಾನು ಊರಿಗೆ ಬರಬೇಕೆಂದಿದ್ದ ವರ್ಷದಲ್ಲಿ ಟಯರುಗಳಿಗೆ ಹಣ ಹೋಯಿತೆಂದು ತಮ್ಮ ಒಂದು ಅಂಚಿನಲ್ಲಿ ಬರೆದಿದ್ದನು. ಬರಲಿಲ್ಲವೆಂದು ಆ ವರ್ಷ ನಾವು ಅವನಿಗೆ ಕಠಿಣವಾಗಿ ಪತ್ರ ಬರೆದಿದ್ದೆವು. ಅದನ್ನೇ ನೆನೆಯುತ್ತ ಕುಳಿತವರಿಗೆ ಮಗಳು ಓಡಿಬಂದು ಕೀಲಿ ತಿರುಗಿಸಿದಾಗಲೇ ಎಚ್ಚರ. ಸೂಜಿ ಕೆಂಪಿನ ಹತ್ತಿರವಿತ್ತು.

ಅವಳು ಬೈಯಲಿಲ್ಲ. ಕುದಿಯುವ ದ್ರವದ ಹತ್ತಿರ ಯಾರೂ ಹೋಗಬಾರದೆಂದು ಮಾತ್ರ ಹೇಳಿ, ಎರಡು ಗಂಟೆ ತಣಿಯಲು ಬಿಟ್ಟು, ಮತ್ತೆ ತುಂಬಿಸಿದಳು. ಎರಡನೆಯ ಸಲ ನಾವು ಕಡತವನ್ನು ಹೊರಗಿಟ್ಟು, ರೆಪ್ಪೆ ಬಡಿಯದೆ ಸೂಜಿಯನ್ನು ನೋಡಿದೆವು. ಅದು ನಡುವಿಗಿಂತ ತುಸು ಕೆಳಗೆ ಬಂದು ನಿಂತಿತು. ಹಾನಿಯೇನೂ ಆಗಿರಲಿಲ್ಲ.

ತುಕ್ಕಿನ ಕೊಳವೆಯನ್ನೂ ಬದಲಿಸಿದ ಬಳಿಕ ಜುಲೈನಲ್ಲಿ ಕಾರು ತೇರ್ಗಡೆಯಾಯಿತು. ಆ ಸಂಜೆ ಕಡತದಲ್ಲಿ ಹೊಸ ಸಾಲು ಬರೆಯಬೇಕೆಂದು ಮಗಳು ಹಟ ಹಿಡಿದಳು; ನಾವು ಬರೆದುಕೊಡಲೆಂದರೆ ಒಪ್ಪಲಿಲ್ಲ. ನಾವು ಮರಳುವ ದಿನದವರೆಗೆ ಊಟದ ಮೇಜೇ ಪಾಠಶಾಲೆಯಾಯಿತು. ಕೊನೆಯ ರಾತ್ರಿ ಅವಳು ಅಂಕುಡೊಂಕಾದ ಅಕ್ಷರಗಳಲ್ಲಿ ‘ಬೆಲ್ಟ್ ಹೊಸದು’ ಎಂದು ಬರೆದು, ಮುಂದಿನ ತಿಂಗಳನ್ನು ಕೆಂಪಿನಲ್ಲಿಯೇ ಗುರುತಿಸಿದಳು.

ಸುಬಾರು ಕಾರು ನಮ್ಮ ನಾಡಿನ ರಸ್ತೆಗಳಲ್ಲಿ ಅಪರೂಪ. ಆದರೆ ಹಳೆಯ ವಾಹನ, ಹಳೆಯ ಪಂಪು, ಹಳೆಯ ಮನೆ ಯಾವ ಸಂಸಾರದಲ್ಲಿಲ್ಲ? ಅವುಗಳಿಗೆ ಏನು ಮಾಡಿದಿರಿ, ಏಕೆ ಮಾಡಿದಿರಿ, ಮುಂದೆಂದು ಮಾಡಬೇಕು ಎಂಬುದನ್ನು ಬರೆದಿಡಿರಿ. ಬರೆದುದನ್ನು ಮಕ್ಕಳು ಓದಬಲ್ಲರೇ ಎಂದೂ ಒಮ್ಮೆ ನೋಡಿಕೊಳ್ಳಿರಿ. ಓದಲಾರರಾದರೆ ಕಲಿಸಲು ಇಂದೇ ಕುಳಿತುಕೊಳ್ಳಿರಿ. ನಾವು ಅದನ್ನು ಅರಿತುಕೊಳ್ಳುವಷ್ಟರಲ್ಲಿ ಎರಡು ಚಳಿಗಾಲಗಳು ಕಳೆದಿದ್ದವು.