ಕನ್ನಡ್ಯಾಗಿನ ದೀಪ

ಮೊನ್ನಿ ನಮ್ಮ ಓಣ್ಯಾಗಿನ ಅಕ್ಕ ಒಬ್ರು ಕೇಳಿದ್ರು, "ಏನ್ರೀ ಬಾಯಿ, ದಿನಾ ಮುಂಜಾನಿ ಕಾರಿನ ಹಿಂದ ನಿಂತು ಕೈ ಎತ್ತಿ ಇಳಿಸ್ತೀರಲ್ಲ, ಗಾಡಿಗಿ ಆರತಿ ಮಾಡ್ತೀರೇನು?" ನನಗೂ ನಗು ಬಂತು. ನಕ್ಕು ಒಳಗ ಹೋದೆ. ಆದ್ರ ಇದು ನಕ್ಕು ಬಿಡೂವಂಥ ಮಾತಲ್ಲ. ನಿಮ್ಮ ಮುಂದ ಹೇಳಲಾರದೇ ಇನ್ಯಾರ ಮುಂದ ಹೇಳಲಿ, ಅದಕ್ಕ ಬರದೀನಿ.

ನಮ್ಮ ಕಾರು ಹಳೇದು ಅಂತ ನಿಮಗ ಗೊತ್ತದ. 2013ರ ಮಾಡೆಲ್ಲಿನ ಸಣ್ಣ ಗಾಡಿ. ಕಲಬುರಗಿ ಕಡಿಂದ ತಗೊಂಡಿದ್ದು, ಅದಕ್ಕ ನಂಬರಿನ್ಯಾಗ ನಮ್ಮ ಯಾದಗಿರಿ ಕೆಎ 33 ಇಲ್ಲ, ಕೆಎ 32 ಅದ. ಮಗ ರೊಕ್ಕ ಕೂಡಿಸಿ ತಗೊಂಡ, ಆಮ್ಯಾಗ ನೌಕರಿ ಅಂತ ಬೆಂಗಳೂರಿಗಿ ಹೋದ. ಗಾಡಿ ಮನ್ಯಾಗ ಉಳೀತು. ನಮ್ಮ ಯಜಮಾನ್ರು ಐವತ್ತರ ಮ್ಯಾಲ ಕಲ್ತು ಹೊಡ್ಯಾಕ ಸುರು ಮಾಡಿದ್ರು. ಸಾವಕಾಶ ಹೊಡೀತಾರ. ರಾಮಸಮುದ್ರದಿಂದ ಯಾದಗಿರಿಗಿ ಹೋಗೂದ್ರಾಗ ಎಮ್ಮಿ ಸುದ್ದಾ ನಮ್ಮನ್ನ ದಾಟಿ ಹೋಗ್ತದ ಅಂತ ಮಗಳು ಚಾಷ್ಟಿ ಮಾಡ್ತಿದ್ಳು.

ಹೋದ ಯುಗಾದಿಗಿ ನಮ್ಮ ಅಕ್ಕ ಹೊಸಾ ಕಾರು ತಗೊಂಡು ಬಂದಿದ್ಳು. ಸಂಜಿಗಿ ಅವರು ಗಾಡಿ ತಿರುಗಿಸಿ ಹೊಂಟಾಗ ಬಾಜೂಕಿನ ಕನ್ನಡ್ಯಾಗ ಕೇಸರಿ ದೀಪ ಮಿಣಕ್ ಮಿಣಕ್ ಅಂತು. ಎಷ್ಟು ಛಂದ ಕಾಣ್ತಿತ್ತು ಅಂತೀರಿ! ನಮ್ಮ ಗಾಡಿಗಿ ಮುಂದಿನ ಗಾಲಿ ಮ್ಯಾಲ ಒಂದು ಸಣ್ಣ ದೀಪ ಅದ, ಗುಲಗಂಜಿ ಇದ್ದಂಗ. ನನಗ ಹೊಟ್ಟ್ಯಾಗ ಒಂದು ನಮೂನಿ ಆತು. ಹೊಟ್ಟಿಕಿಚ್ಚು ಅಂದ್ರೂ ನಡೀತದ, ಅಕ್ಕ ಇದನ್ನ ಓದಿದ್ರೂ ಏನಿಲ್ಲ. ಮರುದಿನಾನೇ ಇವರ ಬೆನ್ನು ಹತ್ತಿದೆ, "ನಮ್ಮ ಗಾಡಿಗೂ ಹಾಕಸ್ರೀ." ಇವರು "ಇದ್ದ ದೀಪ ಸಾಕು ಬಿಡು" ಅಂದ್ರು. ನಾ ಬಿಡಲಿಲ್ಲ. ನನ್ನ ಚೀಟಿ ರೊಕ್ಕದಾಗಿಂದ 1,800 ರೂಪಾಯಿ ತಗದು ಕೊಟ್ಟೆ.

ಅಂಗಡಿ ಯಾವುದು ಅಂತ ಹೇಳೂದಿಲ್ಲ, ಕೇಳಬ್ಯಾಡ್ರಿ. ಕನ್ನಡಿ ಹಿಂದಿನ ಮುಚ್ಚಳ ತಗದು, ಎಲ್‌ಇಡಿ ಪಟ್ಟಿ ಇದ್ದ ಹೊಸ ಮುಚ್ಚಳ ಕುಂದ್ರಿಸಿ ಒಂದು ತಾಸಿನ್ಯಾಗ ಮುಗಿಸಿದ್ರು. ನಾವು ಚಾ ಕುಡುದು ಬರೂದ್ರಾಗ ತಯಾರ. ದೀಪ ಓಡಿದಂಗ ಹೊತ್ತಿಕೊಂತ ಹೋಗ್ತಿತ್ತು. ನಾ ಊರ ತುಂಬ ಹೇಳಿಕೊಂಡೆ.

ದಸರಾ ಮುಂದ ಒಂದಿನ ಯಾದಗಿರ್ಯಾಗ ಸಂತಿ ಮುಗಿಸಿ ಬರ್ತಿದ್ದೆವು. ಅವತ್ತು ಮಧ್ಯಾಹ್ನ ಮಳಿ ಬಂದು ಹೋಗಿತ್ತು. ಹೊತ್ತು ಮುಣಗೂ ಟೈಮು, ಬಿಸಲು ಕಣ್ಣಿಗಿ ಹೊಡೀತಿತ್ತು. ದೊಡ್ಡ ರಸ್ತಾ ಬಿಟ್ಟು ಬಲಕ್ಕ ಹೊಳ್ಳಬೇಕು. ಇವರು ಇಂಡಿಕೇಟರ್ ಕಡ್ಡಿ ಒತ್ತಿದ್ದು ನಾ ನನ್ನ ಕಣ್ಣಿಲೇ ನೋಡೀನಿ. ಹೊಳ್ಳಿದ್ರು. ಧಡ್ ಅಂತು. ಹಿಂದಿಂದ ಬಲಕ್ಕ ದಾಟಿ ಹೋಗಾಕ ಬಂದ ಮೋಟಾರ್ ಸೈಕಲ್ಲು ನಮ್ಮ ಬಾಗಿಲಿಗಿ ಬಡೀತು. ಬಾಜೂ ಊರಿನ ಇಬ್ರು ಹುಡುಗ್ರು. ಒಬ್ಬ ಎದ್ದ. ಇನ್ನೊಬ್ಬ ಎದ್ದೇಳಲಿಲ್ಲ, ಕೈ ಹಿಡಕೊಂಡು "ಯವ್ವಾ" ಅಂತ ಒದರಿದ. ಆ ಒದರಿದ್ದು ನನಗ ಇನ್ನೂ ರಾತ್ರಿ ಕೇಳಸ್ತದ. ಮೊಣಕೈ ಕೆಳಗಿನ ಎಲುಬು ಮುರದಿತ್ತು.

ಹುಡುಗ ಹೇಳಿದ್ದು ಒಂದೇ ಮಾತು, "ಕಾಕಾ ಸಿಗ್ನಲ್ ಹಾಕಿಲ್ಲ." ಇವರು ಹೇಳಿದ್ದೂ ಒಂದೇ, "ನಾ ಹಾಕೀನಪ್ಪಾ." ನಾ ಅಂದೆ "ಹಾಕ್ಯಾರ." ಹೆಂಡ್ತಿ ಸಾಕ್ಷಿ ಯಾರು ನಂಬ್ತಾರ? ಕೂಡಿದ ಮಂದಿ "ವಯಸ್ಸಾದ ಮ್ಯಾಲ ಯಾಕ ಹೊಡೀಬೇಕು, ಕಣ್ಣು ಕಾಣೂದಿಲ್ಲ" ಅಂದ್ರು. ದವಾಖಾನಿ ಖರ್ಚು ನಾವೇ ಕೊಟ್ಟೆವು, ಅದು ಬ್ಯಾರೆ ಮಾತು. ಇವರು ಮನಿಗಿ ಬಂದು ಚಾವಿ ಮಾಡದಾಗಿನ ಮೊಳಿಗಿ ತೂಗಹಾಕಿದ್ರು. ಮುಂದ ಎಲ್ಲಿಗಿ ಹೋದ್ರೂ ಬಸ್ಸೇ. ಊಟದಾಗ ಮಾತಿಲ್ಲ. ಒಂದ್ ರಾತ್ರಿ ಮಾತ್ರ ಕೇಳಿದ್ರು, "ನಾ ಖರೇನ ಹಾಕಿದ್ನೇನ?" ತಾನೇ ಹಾಕಿದ್ದು ತನಗೇ ನಂಬಿಕಿ ಹೋಗಿತ್ತು ನೋಡ್ರಿ.

ದೀಪಾವಳಿಗಿ ತಂಗಿ ಮಗ ಬಂದ. ಐಟಿಐ ಕಲ್ತಾನ, ಟ್ರ್ಯಾಕ್ಟರು, ಜೀಪಿನ ವೈರಿಂಗ್ ಮಾಡ್ತಾನ. ಪೂಜಿಗಿ ಕಾರು ತೊಳ್ಯಾಕ ಹೋದವ ಒಳಗ ಬಂದು "ದೊಡ್ಡವ್ವಾ, ಇಂಡಿಕೇಟರ್ ಎರಡೂ ಕಡಿ ಹೊತ್ತೂದಿಲ್ಲಲ್ಲ" ಅಂದ. ಫ್ಯೂಸಿನ ಡಬ್ಬಿ ತಗದು ಒಂದು ಸಣ್ಣ ಬಣ್ಣದ ಫ್ಯೂಸು ಕಿತ್ತು ಬೆಳಕಿಗಿ ಹಿಡದ. ಒಳಗಿನ ತಂತಿ ಕಡದು ಕರ್ರಗ ಆಗಿತ್ತು. ಹೊಸಾದು ಹಾಕಿದ. ಎಡಕ್ಕ ಹೊತ್ತಿತು. ಬಲಕ್ಕ ಒತ್ತಿದ ಕೂಡ್ಲೆ ಅದೂ ಹೋತು.

ಚಾಲಕನ ಬಾಗಲಾ ತಗದು ಸಂದ್ಯಾಗ ಬ್ಯಾಟರಿ ಹಾಕಿ ತೋರಿಸಿದ. ಬಾಗಿಲಿಗೂ ಗಾಡಿ ಮೈಗೂ ನಡುವ ಆನಿ ಸೊಂಡಿಲಿನಂಥ ಕರೀ ರಬ್ಬರ್ ಇರ್ತದ, ಕಂಪನಿ ವೈರೆಲ್ಲಾ ಅದರ ಒಳಗಿಂದ ಹಾಯ್ದು ಬಾಗಿಲಿಗಿ ಹೋಗ್ತಾವ. ಕನ್ನಡಿ ದೀಪದ ವೈರು ಮಾತ್ರ ಅದರೊಳಗ ಹೋಗಿರಲಿಲ್ಲ. ಹೊರಗಿಂದಲೇ, ಕೀಲಿನ ಬಾಜೂಕ, ತಗಡಿನ ಅಂಚಿನ ಮ್ಯಾಲ ಎಳದು ಬಿಟ್ಟಿದ್ರು. ದಿನಕ್ಕ ಹತ್ತು ಸಲ ಬಾಗಲಾ ತಗದು ಹಾಕಿ ವೈರಿನ ತೊಗಲು ತಿಕ್ಕಿ ತಿಕ್ಕಿ ತಾಮ್ರ ಹೊರಗ ಬಿದ್ದಿತ್ತು. ಚಾಲಕನ ಬಾಗಲಾನೇ ಹೆಚ್ಚು ತಗಿಯೂದು, ಅದಕ್ಕ ಬಲಗಡಿದು ಮೊದಲ ಸವೀತು.

"ಅದರಾಗೇನು, ಬರೇ ಕನ್ನಡಿ ದೀಪ ಹೋಗಬೇಕಿತ್ತಲ್ಲ?" ಅಂತ ಕೇಳಿದೆ. ಅವ ಛಂದ ಬಿಡಿಸಿ ಹೇಳಿದ. ಮನ್ಯಾಗ ದೀಪಕ್ಕ ಎರಡು ವೈರು ಹೋಗ್ತಾವ. ಕಾರಿನ್ಯಾಗ ಬ್ಯಾಟರಿ ಮೈನಸ್ಸನ್ನ ಗಾಡಿ ಮೈಗೇ ಕಟ್ಟಿರ್ತಾರ, ಇಡೀ ತಗಡೇ ಒಂದು ವೈರು ಇದ್ದಂಗ. ಪ್ಲಸ್ ವೈರು ಬರೀ ಮೈಲೇ ತಗಡಿಗಿ ಮುಟ್ಟಿತು ಅಂದ್ರ ಕರೆಂಟು ದೀಪಕ್ಕ ಹೋಗೂದು ಬಿಟ್ಟು ಸೀದಾ ಹರೀತದ, ಫ್ಯೂಸು ಸುಡ್ತದ. ಸುಡಲಿಲ್ಲಂದ್ರ ವೈರು ಸುಟ್ಟು ಗಾಡಿಗೇ ಬೆಂಕಿ ಹತ್ತಬಹುದು. ಎಲ್ಲಾ ಇಂಡಿಕೇಟರಿಗೂ ಅದೊಂದೇ ಫ್ಯೂಸು. ಇವರು ಬಲಕ್ಕ ಕಡ್ಡಿ ಒತ್ತಿದಾಗ ಮಳಿ ನೀರಿನ್ಯಾಗ ತೊಯ್ದ ಆ ವೈರು ತಗಡಿಗಿ ಮುಟ್ಟಿರಬೇಕು. ಮುಂದಿಂದು, ಹಿಂದಿಂದು, ಕನ್ನಡಿದು, ಎಲ್ಲಾ ಒಂದೇ ಸಲ ಆರ್ಯಾವ. ಟಿಕ್ ಟಿಕ್ ಸಪ್ಪಳಾನೂ ಬಂದಿರೂದಿಲ್ಲ. ಇವರಿಗಿ ಕಿವಿ ಸ್ವಲ್ಪ ಮಂದ, ಬಿಸಲಿಗಿ ಮೀಟರಿನ್ಯಾಗಿನ ಹಸರು ಬಾಣ ಕಂಡಿಲ್ಲ. ನಾ? ನಾ ಬಾಳಿಕಾಯಿ ರೇಟು ಹೆಚ್ಚಾತಂತ ಮಾತಾಡ್ಲಿಕತ್ತಿದ್ದೆ.

"ದೊಡ್ಡಪ್ಪ ಸುಳ್ಳು ಹೇಳಿಲ್ಲ" ಅಂದ ಹುಡುಗ. "ಆ ಪೋರಾನೂ ಸುಳ್ಳು ಹೇಳಿಲ್ಲ."

ಪಡಸಾಲ್ಯಾಗ ಕುಂತ ಇವರಿಗಿ ಕೇಳಿಸಿತು. ಏನೂ ಅನ್ನಲಿಲ್ಲ. ಹೆಗಲ ಮ್ಯಾಲಿನ ಟಾವೆಲ್ಲಿಲೇ ಮಾರಿ ಒರಸಿಕೊಂಡ್ರು. ನನಗ ಮಾತ್ರ ನೆಲ ಬಾಯಿ ಬಿಟ್ಟಂಗ ಆತು. ದೀಪ ಬೇಕಂದವಳು ನಾನು, ರೊಕ್ಕ ಕೊಟ್ಟವಳು ನಾನು.

"ಕಿತ್ತು ಒಗೀಪಾ ಅದನ್ನ" ಅಂದೆ. ಅವ ಬ್ಯಾಡ ಅಂದ. ಬಾಜೂಕ ಬಂದ ಮೋಟಾರ್ ಸೈಕಲ್ಲಿನವರಿಗಿ ಹಿಂದಿನ ದೀಪ ಕಾಣೂದಿಲ್ಲ, ಮುಂದಿಂದೂ ಕಾಣೂದಿಲ್ಲ, ಗಾಲಿ ಮ್ಯಾಲಿಂದು ಕೆಸರು ಮೆತ್ತಿರ್ತದ. ಕನ್ನಡಿ ಮಾತ್ರ ಅವರ ಕಣ್ಣಿಗಿ ಬೀಳೂವಂಗ ಇರ್ತದಂತ. "ದೀಪದ್ದು ತಪ್ಪಿಲ್ಲ, ಕಟ್ಟಿದವರ ಕೈದು ತಪ್ಪು" ಅಂದ.

ಮರುದಿನ ಅಂಗಳದಾಗ ಕೆಲಸ ಸುರು. ಮೊದಲ ಬ್ಯಾಟರಿ ಮೈನಸ್ ಬಿಚ್ಚಿಟ್ಟ. ಬಾಗಿಲ ಒಳಗಿನ ಪ್ಲಾಸ್ಟಿಕ್ ಹಲಗಿಯ ಸ್ಕ್ರೂ ತಗದು ಎಳದ, ಕ್ಲಿಪ್ಪು ಪಟ ಪಟ ಬಿಟ್ಟವು, ಎರಡು ಮುರದೂ ಹೋದವು. ಹಳೇ ಜೋಡಣಿ ನೋಡಿದ್ರ ಬರೇ ಹೊಸದು ಟೇಪ್ ಸುತ್ತಿದ್ದು, ಬಿಸಲಿಗಿ ಅಂಟು ಕರಗಿ ಬೆಲ್ಲದ ಪಾಕ ಆಗಿತ್ತು. ನಮ್ಮ ಕಡಿ ಬ್ಯಾಸಿಗಿ ಗೊತ್ತದಲ್ಲ, ಟೇಪು ಎಲ್ಲಿ ತಡೀತದ.

ತ್ರಾಸ ಆಗಿದ್ದು ಆ ರಬ್ಬರ್ ಸೊಂಡಿಲಿನ ಒಳಗ ಹೊಸ ವೈರು ತೂರಿಸೂದು. ಒಂದು ತಾಸು ಹೆಣಗಾಡಿದ, ವೈರು ಮಡಚಿಕೊಂಡು ಮಡಚಿಕೊಂಡು ವಾಪಸ್ ಬರ್ತಿತ್ತು. ನಾ ನೋಡಿ ನೋಡಿ ಅಂದೆ, "ತಮ್ಮಾ, ಲಂಗಕ್ಕ ಲಾಡಿ ಹೆಂಗ ಏರಸ್ತೀವಿ?" ಅವಗೇನು ಗೊತ್ತು. ಲಾಡಿ ಮೆತ್ತಗ ಇರ್ತದ, ತಾನೇ ಹೋಗೂದಿಲ್ಲ. ಮುಂದ ಪಿನ್ನು ಸಿಗಿಸಿ ಪಿನ್ನನ್ನ ದೂಡಬೇಕು. ಅಟ್ಟದ ಮ್ಯಾಲಿನ ಹಳೇ ಸೈಕಲ್ಲಿನ ಬ್ರೇಕ್ ತಂತಿ ಬಿಚ್ಚಿ ತಂದೆ. ಅದಕ್ಕ ಸೋಪಿನ ನೀರು ಹಚ್ಚಿ ಮೊದಲ ಅದನ್ನ ಒಳಗ ಬಿಟ್ಟು, ತುದಿಗಿ ವೈರು ಕಟ್ಟಿ ಈ ಕಡಿಂದ ಎಳದೆವು. ಸರ್ ಅಂತ ಬಂತು. ಹುಡುಗ "ಇದು ಐಟಿಐದಾಗ ಕಲಸಲಿಲ್ಲ ದೊಡ್ಡವ್ವಾ" ಅಂದ. ಇವರು ಪಡಸಾಲ್ಯಾಗಿಂದ ಎದ್ದು ಬಂದು ನೋಡಿದ್ರು. ತಿಂಗಳ ಮ್ಯಾಲ ಗಾಡಿ ಹತ್ರ ಬಂದಿದ್ದು ಅವತ್ತೇ.

ಬಾಗಲಾ ಪೂರಾ ತಗದ್ರೂ ವೈರು ಬಿಗಿ ಆಗಬಾರದಂತ ಒಳಗ ಸ್ವಲ್ಪ ಸಡ್ಲ ಬಿಟ್ಟ. ಜೋಡಣಿ ಬೆಸಿಗಿ ಹಾಕಿ, ಕಾಯಿಸಿದ್ರ ಬಿಗೀ ಆಗೂವಂಥ ಸಣ್ಣ ಪ್ಲಾಸ್ಟಿಕ್ ಕೊಳವಿ ಏರಿಸಿದ. ಕನ್ನಡಿ ದೀಪಕ್ಕ ಎರಡೂ ಕಡಿ ಬ್ಯಾರೆ ಬ್ಯಾರೆ ಒಂದ್ ಆಂಪಿನ ಸಣ್ಣ ಫ್ಯೂಸು ಕೂಡಿಸಿದ, ಇನ್ನ ಮುಂದ ಇದು ಕೆಟ್ರ ಇದೊಂದೇ ಆರಬೇಕು, ಉಳಿದವು ಉರೀಬೇಕು ಅಂತ. ಎಡಗಡಿದು ಮೊದಲ ಹೊತ್ತಲಿಲ್ಲ. ಎಲ್‌ಇಡಿಗಿ ಪ್ಲಸ್ ಮೈನಸ್ ಉಲ್ಟಾ ಆದ್ರ ಹೊತ್ತೂದೇ ಇಲ್ಲ, ಹಳೇ ಬಲ್ಬಿನಂಗ ಹೆಂಗಂದ್ರ ಹಂಗ ನಡಿಯೂದಿಲ್ಲ. ತಿರುವಿ ಕೊಟ್ಟ ಮ್ಯಾಲ ಹೊತ್ತಿತು. ಆ ಪಟ್ಟ್ಯಾಗ ಯಾವಾಗ್ಲೂ ಉರಿಯೂ ಬಿಳೀ ದೀಪಾನೂ ಇತ್ತು, ಅದರ ವೈರು ಕಡದು ಹಾಕಿದ. ಇಂಡಿಕೇಟರ್ ಕೇಸರಿನೇ ಇರಬೇಕು, ನಿಮಿಷಕ್ಕ 60ಕ್ಕಿಂತ ಕಡಿಮಿ ಇಲ್ಲ, 120ಕ್ಕಿಂತ ಹೆಚ್ಚಿಲ್ಲ ಮಿಣಕಬೇಕು ಅಂತ ಮೋಟಾರು ವಾಹನದ ನಿಯಮದಾಗೇ ಅದ ಅಂದ. ನಾ ಗ್ವಾಡಿ ಗಡಿಯಾರ ನೋಡಿ ಎಣಿಸಿದೆ, 84.

ಹಳೇ ಬಲ್ಬು ತಗದು ಅಲ್ಲೇ ಎಲ್‌ಇಡಿ ಹಾಕಿದವರ ಗಾಡಿ ಲಗಾಲಗಾ ಮಿಣಕೂದು ನೋಡಿರಬೇಕು ನೀವು. ಎಲ್‌ಇಡಿ ಭಾಳ ಕಡಿಮಿ ಕರೆಂಟು ತಿಂತದ, ಗಾಡಿ ಬಲ್ಬು ಹೋಗ್ಯದ ಅಂತ ತಿಳಕೊಂಡು ಅವಸರ ಮಾಡ್ತದಂತ. ನಮ್ಮವು ಹಳೇ ಬಲ್ಬು ಹಂಗೇ ಇದ್ದು ಇದು ಹೆಚ್ಚಿಂದು, ಅದಕ್ಕ ಆ ಕಾಟ ಇಲ್ಲ.

ಮಗಳಿಗಿ ಫೋನಿನ್ಯಾಗ ಹೇಳಿದ್ರ ಅವಳು ಇನ್ನೊಂದು ಹೇಳಿದ್ಳು. 1914ರ ಸುಮಾರಿಗಿ ಕಾರಿಗಿ ಮೊದಲ ತಿರುವಿನ ಸೂಚನಿ ಕೈ ಮಾಡಿಕೊಂಡವರಾಗ ಒಬ್ಬಾಕಿ ಅಮೆರಿಕಾದ ಸಿನಿಮಾ ನಟಿ ಅಂತ, ಫ್ಲಾರೆನ್ಸ್ ಲಾರೆನ್ಸ್. ಗುಂಡಿ ಒತ್ತಿದ್ರ ಹಿಂದ ಒಂದು ಕೈ ಏಳ್ತಿತ್ತಂತ. ಹಕ್ಕು ಮಾತ್ರ ಬರಸಿಕೊಳ್ಳಲಿಲ್ಲ ಆಕಿ. ನಮ್ಮ ಹಂಗೇ.

ಗಾಡಿ ತಯಾರಾತು, ಆದ್ರ ಇವರು ಚಾವಿ ಮುಟ್ಟಲಿಲ್ಲ. ನಾ ಎರಡು ದಿನ ವಿಚಾರ ಮಾಡಿ, ಆ ಸುಟ್ಟ ಫ್ಯೂಸು ಸೆರಗಿನ ತುದಿಗಿ ಗಂಟು ಹಾಕ್ಕೊಂಡು ಬಾಜೂ ಊರಿಗಿ ಹುಡುಗನ ಮನಿಗಿ ಹೋದೆ. ಅವನ ಅವ್ವ ತೊಗರಿಬ್ಯಾಳಿ ಹಸನ ಮಾಡ್ಲಿಕತ್ತಿದ್ಳು. ಮೊರದ ಬಾಜೂಕ ಫ್ಯೂಸು ಇಟ್ಟು ಎಲ್ಲಾ ಹೇಳಿದೆ. "ನಿಮ್ಮ ಮಗ ಹೇಳಿದ್ದು ಖರೇ ಅದ ಯವ್ವಾ. ದೀಪ ಹೊತ್ತಿಲ್ಲ. ನನ್ನ ಷೋಕಿಗಿ ಆತು."

ಆಕಿ ಫ್ಯೂಸು ತಿರುಗಿಸಿ ಮುರುಗಿಸಿ ನೋಡಿದ್ಳು. ಭಾಳ ಹೊತ್ತು ಮಾತಾಡಲಿಲ್ಲ. ನಾ ಬೈಗುಳ ತಿನ್ನಾಕ ತಯಾರಾಗೇ ಹೋಗಿದ್ದೆ. ಕಡೀಗಿ, "ಇಷ್ಟಕ್ಕ ಅಂತೀರಾ?" ಅಂದ್ಳು. "ಪಟ್ಟಿ ಬಿಚ್ಚ್ಯಾರ. ಕೈ ಸ್ವಲ್ಪ ಸೊಟ್ಟ ಕೂಡ್ಯದ, ಕೊಡ ಎತ್ತಾಕ ಬರೂದಿಲ್ಲ. ಅವಂದೂ ತಪ್ಪದ, ಬಿರೀ ಹೊಡೀತಾನ." ಆಮ್ಯಾಗ ಎದ್ದು ಚಾ ಇಟ್ಳು. ಚಾ ಕುಡಿಯೂವಾಗ ಆ ಹುಡುಗ ಬಂದ. ನನಗ ಅವನ ಕೈ ನೋಡೂದು ಆಗಲಿಲ್ಲ. ಅವ ತಾನೇ ಕೇಳಿದ, "ಕಾಕಾ ಹೆಂಗದಾರ? ಗಾಡಿ ಹೊಡೀತಾರೇನು?"

ಮನಿಗಿ ಬಂದು ಇವರಿಗಿ ಅಷ್ಟೇ ಹೇಳಿದೆ, ಹುಡುಗ ಕೇಳ್ತಿದ್ದ ಅಂತ. ಮರುದಿನ ನಸಿಕಿನ್ಯಾಗ ಮೊಳಿ ಮ್ಯಾಲ ಚಾವಿ ಇರಲಿಲ್ಲ. ಹೊರಗ ಬಂದ್ರ ಇವರು ಸ್ಟೇರಿಂಗ್ ಹಿಡದು ಸುಮ್ನ ಕುಂತಿದ್ರು, ಗಾಡಿ ಚಾಲೂ ಮಾಡಿದ್ದಿಲ್ಲ. "ಹಿಂದ ಹೋಗಿ ನೋಡು" ಅಂದ್ರು.

ಅವತ್ತಿಂದ ಇದೇ ನಡದದ. ಇವರು ಎಡಕ್ಕ ಒತ್ತಿದ್ರ ನಾ ಹಿಂದಿಂದು, ಬಾಜೂಕಿಂದು, ಕನ್ನಡಿದು ನೋಡಿ ಎಡಗೈ ಎತ್ತೀನಿ. ಬಲಕ್ಕ ಒತ್ತಿದ್ರ ಬಲಗೈ. ಬಲಗಡಿ ಬಾಗಲಾ ಎರಡು ಸಲ ತಗದು ಹಾಕಿ ಮತ್ತೊಮ್ಮಿ ನೋಡ್ತೀವಿ. ದಾರ್ಯಾಗ ಹೊಳ್ಳೂವಾಗ ಟಿಕ್ ಟಿಕ್ ಕೇಳಸ್ತದೇನು ಅಂತ ನಾ ಮಾತು ನಿಲ್ಲಿಸಿ ಕಿವಿ ಕೊಡ್ತೀನಿ, ಇವರು "ಬಂತಾ?" ಅಂತಾರ, ನಾ "ಬಂತು, ಹೊಳ್ಳ್ರಿ" ಅಂತೀನಿ.