ಒಂದು ಅಡ್ಡಹೆಸರಿನ ಬೇರು

ಕಿತ್ತೂರಿನ ಇತಿಹಾಸವನ್ನು ಬಲ್ಲ ಕನ್ನಡಿಗರಿಗೆ ಥ್ಯಾಕರೆ ಎಂಬ ಹೆಸರು ಅಪರಿಚಿತವಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೆದುರು ಮಡಿದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಅಡ್ಡಹೆಸರದು. ವೈರಿಯ ಹೆಸರೆಂದು ಉಚ್ಚರಿಸಿ ಮುಂದೆ ಸಾಗುವುದು ರೂಢಿ. ಶಬ್ದಗಳ ಮೂಲವನ್ನು ಅರಸುವ ಅಭ್ಯಾಸವುಳ್ಳ ನಮಗೆ ಅದರ ಅರ್ಥವನ್ನೂ ತಿಳಿಯುವ ಕುತೂಹಲವಾಯಿತು.

ಇಂಗ್ಲೆಂಡಿನಲ್ಲಿ ಇದು ವಿರಳವಾದ ಹೆಸರು. ಇದರ ತವರು ಉತ್ತರದ ಯಾರ್ಕ್‌ಷೈರ್ ಪ್ರಾಂತ. ಅಲ್ಲಿ ಫ್ಯೂಸ್ಟನ್ ಗ್ರಾಮದ ಸಮೀಪ ಥ್ಯಾಕ್ರೆ ಎಂಬ ಪುಟ್ಟ ನೆಲೆಯಿತ್ತು. ಹಿಂದೆ ಆ ಸೀಮೆಯಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯದವರ ನುಡಿಯಲ್ಲಿ ‘ಥಾಕ್’ ಎಂದರೆ ಮಾಡಿಗೆ ಹೊದಿಸುವ ಜೊಂಡು. ‘ವ್ರಾ’ ಎಂದರೆ ಮೂಲೆ. ಜೊಂಡು ಬೆಳೆಯುವ ಮೂಲೆಯೇ ಥ್ಯಾಕ್ರೆ. ಅಲ್ಲಿಯವರಿಗೆ ಊರ ಹೆಸರೇ ಅಡ್ಡಹೆಸರಾಯಿತು. ಇಂದಿಗೂ ಈ ಹೆಸರಿನ ಮನೆತನಗಳು ಯಾರ್ಕ್‌ಷೈರಿನಲ್ಲಿಯೇ ಹೆಚ್ಚು. ಕಲೆಕ್ಟರನ ಪೂರ್ವಜರು ಅದೇ ಸೀಮೆಯ ಹ್ಯಾಂಪ್ಸ್‌ತ್ವೈಟ್ ಗ್ರಾಮದವರು. 1811ರಲ್ಲಿ ಕಲಕತ್ತೆಯಲ್ಲಿ ಜನಿಸಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯೂ ಆ ವಂಶದವನೇ.

ಆದರೆ ಥ್ಯಾಕ್ರೆ ಎಂಬ ನೆಲೆ ಈಗಿಲ್ಲ. ಲೀಡ್ಸ್ ನಗರಕ್ಕೆ ನೀರೊದಗಿಸಲು 19ನೆಯ ಶತಮಾನದಲ್ಲಿ ನಿರ್ಮಿಸಿದ ಫ್ಯೂಸ್ಟನ್ ಜಲಾಶಯದಲ್ಲಿ ಅದು ಮುಳುಗಿತು. ಉಳಿದದ್ದು ಹೆಸರು ಮಾತ್ರ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ನಮ್ಮ ಮನೆತನಗಳಿಗೆ ಈ ನೋವು ಹೊಸದಲ್ಲ. ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವರು ನಮ್ಮಲ್ಲಿಯೂ ಅನೇಕರು.

ಕಿತ್ತೂರಿಗೆ ಸೈನ್ಯ ತಂದವನ ಕೃತ್ಯವನ್ನು ಇತಿಹಾಸ ಮರೆಯದು. ಆದರೂ ಅವನ ಹೆಸರಿನ ಬೇರಿನಲ್ಲಿರುವುದು ಬಡವರ ಗುಡಿಸಲಿನ ಜೊಂಡು. ಹೆಸರಿನೊಡನೆ ವೈರ ಸಲ್ಲದು. ಮನೆಯ ಹಿರಿಯರು ತಮ್ಮ ಅಡ್ಡಹೆಸರಿನ ಊರಾವುದು, ಅದರ ಅರ್ಥವೇನು ಎಂಬುದನ್ನು ಮಕ್ಕಳಿಗೆ ಈಗಲೇ ತಿಳಿಸಿಡಲಿ. ನೆಲ ನೀರುಪಾಲಾದ ಮೇಲೆ ಊರಿಗೆ ಸಾಕ್ಷಿಯಾಗಿ ಉಳಿಯುವುದು ಆ ಹೆಸರೊಂದೇ.